ಇಪ್ಪತ್ತು ಕುದುರೆಗಳ ಬಂಡಿ

ಈಚೆಗೆ ನನ್ನ ತಂಗಿಯ ಮಗ ಎರಡು ಬಣ್ಣದ ಕರಪತ್ರಗಳನ್ನು ತಂದು ನನ್ನ ಮುಂದೆ ಹರಡಿದ. ಎರಡೂ ಮೋಟಾರ್ ಸೈಕಲ್ಲಿನವು. ಎರಡೂ ಚೆನ್ನೈಯ ರಾಯಲ್ ಎನ್‌ಫೀಲ್ಡ್ ಕಂಪನಿಯವು. ಒಂದರ ಹೆಸರು ಮೀಟಿಯರ್ 350, ಇನ್ನೊಂದರದು ಸೂಪರ್ ಮೀಟಿಯರ್ 650. "ಮಾವ, ಇದಕ್ಕೆ ಇಪ್ಪತ್ತು ಕುದುರೆ, ಅದಕ್ಕೆ ನಲವತ್ತೇಳು. ಅಂದಮೇಲೆ ಅದು ಇದರ ಎರಡರಷ್ಟು ಜೋರಾಗಿ ಓಡಬೇಕಲ್ಲ?" ಎಂದು ಕೇಳಿದ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ತರಗತಿಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ಯಜ್ಞಾಶ್ವವನ್ನು ಬೆನ್ನಟ್ಟಿ ಹೋದವನು ನಾನು. ಕುದುರೆಯ ವಿಷಯದಲ್ಲಿ ಉತ್ತರ ಕೊಡದೆ ಸುಮ್ಮನಿರುವುದು ಮರ್ಯಾದೆಯಲ್ಲವೆಂದು ತೋರಿತು. ಓದಿದೆ, ಬಲ್ಲವರನ್ನು ಕೇಳಿದೆ, ಕಾಗದದ ಮೇಲೆ ಲೆಕ್ಕ ಹಾಕಿದೆ. ಓಡುವುದಿಲ್ಲ ಎಂಬುದೇ ಉತ್ತರ. ಏಕೆ ಓಡುವುದಿಲ್ಲ, ಓಡದಿದ್ದರೆ ಆ ಹೆಚ್ಚಿನ ಕುದುರೆಗಳು ಏತಕ್ಕೆ ಎಂಬುದನ್ನು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ. ಇದು ಕೇವಲ ಕುತೂಹಲದ ಮಾತಲ್ಲ. ಈ ಲೆಕ್ಕ ತಿಳಿಯದಿದ್ದುದರಿಂದ ನನಗೂ ನನ್ನ ಮನೆಯವರಿಗೂ ಒಮ್ಮೆ ಏನಾಗುವುದರಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಕುದುರೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಮಾರಲು ಹೊರಟಾಗ ಕೊಳ್ಳುವವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ನಮ್ಮ ಎಷ್ಟು ಕುದುರೆಗಳ ಕೆಲಸ ಮಾಡೀತು? ಅಲ್ಲಿನ ಗಿರಣಿಗಳಲ್ಲಿ ಕುದುರೆ ನಮ್ಮ ಗಾಣದ ಎತ್ತಿನಂತೆಯೇ ಸುತ್ತು ಹಾಕುತ್ತಿತ್ತು. ವ್ಯಾಟ್ ಅದರ ಎಳೆತವನ್ನೂ ನಡೆದ ದೂರವನ್ನೂ ಲೆಕ್ಕ ಹಾಕಿ, ಒಂದು ಕುದುರೆ ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಮೇಲೆತ್ತುವಷ್ಟು ಕೆಲಸ ಮಾಡುತ್ತದೆಂದು ಗೊತ್ತುಮಾಡಿದ. ಇಂದಿನ ಮಾನದಲ್ಲಿ ಇದು ಸುಮಾರು 746 ವ್ಯಾಟ್. ಈ ಮಾನಕ್ಕೆ ಅವನ ಹೆಸರನ್ನೇ ಇಟ್ಟರು. ಯೂರೋಪಿನವರು ಇದನ್ನು ಸ್ವಲ್ಪ ತಿದ್ದಿ, 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದು ಎಂದು ಮಾಡಿಕೊಂಡರು. ಒಂದು ದೊಡ್ಡ ಅಕ್ಕಿಮೂಟೆಯನ್ನು ಕ್ಷಣಕ್ಕೊಂದು ಮೀಟರಿನಂತೆ ಎತ್ತುತ್ತ ಹೋಗುವುದನ್ನು ಊಹಿಸಿಕೊಳ್ಳಿ, ಅಷ್ಟು. ಈ ಯೂರೋಪಿನ ಕುದುರೆ ವ್ಯಾಟನ ಕುದುರೆಗಿಂತ ಕೂದಲೆಳೆಯಷ್ಟು ಬಡಕಲು. ನನ್ನ ಅಳಿಯನ ಕರಪತ್ರದಲ್ಲಿ 47 ಎಂದಿದ್ದುದು ಈ ಬಡಕಲು ಕುದುರೆಗಳು. ವ್ಯಾಟನ ಲೆಕ್ಕಕ್ಕೆ ಅವು 46ರ ಆಸುಪಾಸು.

ಕರಪತ್ರಗಳಲ್ಲಿ 'ಬ್ರೇಕ್ ಅಶ್ವಶಕ್ತಿ' ಎಂಬ ಮಾತೂ ಬರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಗಾಡಿಯನ್ನು ನಿಲ್ಲಿಸುವ ಶಕ್ತಿಯೆಂದು ತಿಳಿದಿದ್ದ. ತಪ್ಪು ಅವನದಲ್ಲ, ಪದದ್ದು. ಎಂಜಿನ್ನಿಗೆ ಒಂದು ತಡೆಯನ್ನು ಕಟ್ಟಿ, ಆ ತಡೆಯ ವಿರುದ್ಧ ಅದು ಎಷ್ಟು ತಿರುಗಬಲ್ಲುದೆಂದು ಅಳೆಯುತ್ತಿದ್ದುದರಿಂದ ಆ ಹೆಸರು ಬಂದಿದೆ. ಹೀಗೆ ಅಳೆದ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ ತಲುಪುವುದಿಲ್ಲ. ಗೇರು, ಚೈನು ಇವುಗಳ ತಿಕ್ಕಾಟದಲ್ಲಿ ಹತ್ತರಲ್ಲೊಂದು ಪಾಲಾದರೂ ದಾರಿಯಲ್ಲೇ ಕಳೆದುಹೋಗುತ್ತದೆ.

ಇನ್ನು ಮುಖ್ಯ ವಿಷಯ. ಎಂಜಿನ್ನಿನಲ್ಲಿ ನಾವು ನೋಡಬೇಕಾದುದು ಎರಡು ಸಂಗತಿಗಳನ್ನು. ಒಂದು, ಅದು ಚಕ್ರವನ್ನು ತಿರುಗಿಸಲು ಹಾಕುವ ತಿರುಚು ಬಲ. ಎರಡು, ನಿಮಿಷಕ್ಕೆ ಅದು ಎಷ್ಟು ಸುತ್ತು ತಿರುಗುತ್ತದೆ ಎಂಬುದು. ಬೀಸುವ ಕಲ್ಲನ್ನು ನೆನೆಯಿರಿ. ಗೂಟವನ್ನು ಹಿಡಿದು ಎಷ್ಟು ಬಲವಾಗಿ ನೂಕುತ್ತೇವೆ ಎಂಬುದು ತಿರುಚು ಬಲ. ಆ ಬಲದಿಂದ ನಿಮಿಷಕ್ಕೆ ಎಷ್ಟು ಸುತ್ತು ಬೀಸಿದೆವು ಎಂಬುದನ್ನೂ ಕೂಡಿಸಿ ಗುಣಿಸಿದರೆ ಅಶ್ವಶಕ್ತಿ. ಒಬ್ಬಾಕೆ ನಿಧಾನವಾಗಿ, ಆದರೆ ಬಲವಾಗಿ ಬೀಸಬಹುದು. ಇನ್ನೊಬ್ಬಾಕೆ ಹಗುರವಾಗಿ, ಆದರೆ ಸರಸರನೆ ಬೀಸಬಹುದು. ಸಂಜೆಗೆ ಇಬ್ಬರ ಹಿಟ್ಟೂ ಒಂದೇ ಅಳತೆಗೆ ಬಂದರೆ ಅಶ್ವಶಕ್ತಿ ಒಂದೇ. ಬೀಸುವ ಪರಿ ಮಾತ್ರ ಬೇರೆ.

ಕ್ರೂಸರ್ ಎಂಬ ಜಾತಿಯ ಗಾಡಿ ಮೊದಲನೆಯಾಕೆಯ ಹಾಗೆ. ಆಸನ ತಗ್ಗು, ಕಾಲು ಮುಂದಕ್ಕೆ ಚಾಚು, ಹಿಡಿ ಎದೆಯ ಹತ್ತಿರಕ್ಕೆ. ಅಮೆರಿಕದ ಉದ್ದನೆಯ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ಆರಾಮವಾಗಿ ಕುಳಿತು ಹೋಗಲೆಂದು ಬೆಳೆದ ರೂಪ ಅದು. ಅಲ್ಲಿನ ಹಾರ್ಲೆ-ಡೇವಿಡ್‌ಸನ್ ಕಂಪನಿ ಬಹುಕಾಲ ತನ್ನ ವಿವರಪಟ್ಟಿಗಳಲ್ಲಿ ಅಶ್ವಶಕ್ತಿಯನ್ನು ಹೇಳದೆ ತಿರುಚು ಬಲವನ್ನಷ್ಟೇ ಹೇಳುತ್ತಿತ್ತು. ಇನ್ನೂ ಚೆನ್ನಾದ ಉದಾಹರಣೆ ಜಪಾನಿನ ಕವಾಸಾಕಿಯವರದು. ಅವರ 649 ಸಿ.ಸಿ.ಯ ಎಂಜಿನ್ನು ನಿಂಜಾ 650 ಎಂಬ ಓಟದ ಗಾಡಿಯಲ್ಲಿ 72 ಕುದುರೆಗಳ ಶಕ್ತಿ ಕೊಡುತ್ತಿತ್ತು. ಅದನ್ನೇ ವಲ್ಕನ್ ಎಸ್ ಎಂಬ ಕ್ರೂಸರಿಗೆ ಹಾಕುವಾಗ ಭಾರವಾದ ಫ್ಲೈವೀಲನ್ನು ಜೋಡಿಸಿ, ಕವಾಟಗಳ ಚಲನೆಯನ್ನು ಬದಲಿಸಿ, ಬೇಕೆಂದೇ 61 ಕುದುರೆಗಳಿಗೆ ಇಳಿಸಿದರು. ಹನ್ನೊಂದು ಕುದುರೆಗಳನ್ನು ಬಿಟ್ಟುಕೊಟ್ಟು ಅವರು ಗಳಿಸಿದ್ದೇನು? ಅತಿ ಹೆಚ್ಚಿನ ತಿರುಚು ಬಲ ಸುಮಾರು ಅಷ್ಟೇ ಉಳಿಯಿತು, ಆದರೆ ಇನ್ನಷ್ಟು ಕಡಿಮೆ ಸುತ್ತಿಗೇ ದೊರೆಯುವಂತಾಯಿತು.

ನಮ್ಮ ಮೀಟಿಯರ್ 350ಕ್ಕೆ ಬರೋಣ. ಅದರ ಗರಿಷ್ಠ ತಿರುಚು ಬಲ 27 ನ್ಯೂಟನ್ ಮೀಟರ್, ನಿಮಿಷಕ್ಕೆ 4000 ಸುತ್ತಿನಲ್ಲಿ. ಗರಿಷ್ಠ ಅಶ್ವಶಕ್ತಿ 20.2, 6100 ಸುತ್ತಿನಲ್ಲಿ. ನ್ಯೂಟನ್ ಮೀಟರನ್ನು ಸುತ್ತಿನಿಂದ ಗುಣಿಸಿ 7121ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಮಗ್ಗಿ ಬಲ್ಲವರು ಯಾರೂ ಮಾಡಬಹುದಾದ ಲೆಕ್ಕ. ಹಾಗೆ ಮಾಡಿದರೆ 4000 ಸುತ್ತಿನಲ್ಲಿ ಸಿಗುವುದು ಹದಿನೈದು ಕುದುರೆಗಳು. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಎಂಜಿನ್ನು 2500 ಸುತ್ತು ತಿರುಗುತ್ತಿದ್ದರೆ ಒಂಬತ್ತೂವರೆಗಿಂತ ಹೆಚ್ಚು ಸಿಗುವುದು ಸಾಧ್ಯವೇ ಇಲ್ಲ. ಇಪ್ಪತ್ತು ಕುದುರೆಗಳಿಗೆ ಹಣ ಕೊಟ್ಟಿದ್ದೇವೆ, ನಿಜ. ಆದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಾಯದಲ್ಲೇ ನಿಂತಿವೆ. ಅವುಗಳನ್ನು ಹೊರಕ್ಕೆ ತರಬೇಕಾದರೆ ಗೇರು ಇಳಿಸಿ ಎಂಜಿನ್ನನ್ನು ಜೋರಾಗಿ ತಿರುಗಿಸಬೇಕು.

ಇದು ನನಗೆ ತಿಳಿದಿರಲಿಲ್ಲ. 1986ರ ಬೇಸಗೆಯಲ್ಲಿ ಮನೆಯವರನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆ. ನನ್ನದು ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಆ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಕಿಕ್ ಹೊಡೆಯುವ ಸನ್ನೆಯನ್ನೇ ಬಗ್ಗಿಸಿ ಗೇರು ಬದಲಿಸುವ ಆ ಚಮತ್ಕಾರವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಮದ್ದೂರು ದಾಟಿದ ಮೇಲೆ ಒಂದು ಬಸ್ಸಿನ ಹಿಂದೆ ಬಹಳ ಹೊತ್ತು ಹೊಗೆ ಕುಡಿಯುತ್ತ ಬಂದೆ. ರಸ್ತೆ ಆಗ ಇಕ್ಕಟ್ಟು. ಎದುರು ಖಾಲಿ ಕಂಡಿತು. ನಾಲ್ಕನೆಯ ಗೇರಿನಲ್ಲೇ ಆಕ್ಸಿಲರೇಟರನ್ನು ಪೂರ್ತಿ ತಿರುವಿ ಬಲಕ್ಕೆ ಹೊರಳಿದೆ. ಎಂಜಿನ್ನು ಗೊರಗೊರ ಎಂದಿತೇ ಹೊರತು ಗಾಡಿ ಮುಂದಕ್ಕೆ ಜಿಗಿಯಲಿಲ್ಲ. ಬಸ್ಸಿನ ಅರ್ಧಕ್ಕೆ ಬಂದಿದ್ದೆ. ತಿರುವಿನಿಂದ ಲಾರಿಯೊಂದು ಕಾಣಿಸಿಕೊಂಡಿತು. ಹಿಂದಿನಿಂದ ನನ್ನ ಭುಜವನ್ನು ಹಿಡಿದ ಕೈಯ ಬಿಗಿತ ಇಂದಿಗೂ ನೆನಪಿದೆ. ಬಸ್ಸಿನ ಚಾಲಕ ಒಳ್ಳೆಯವನು, ಬ್ರೇಕು ಹಾಕಿ ಜಾಗ ಬಿಟ್ಟ. ಹದಿನಾರು ಕುದುರೆಗಳ ಗಾಡಿಯೆಂದು ಹೆಮ್ಮೆಪಡುತ್ತಿದ್ದವನಿಗೆ ಆ ಗಳಿಗೆಯಲ್ಲಿ ಐದಾರು ಕುದುರೆಗಳೂ ಒದಗಿರಲಿಕ್ಕಿಲ್ಲ. ತಪ್ಪು ಗಾಡಿಯದಲ್ಲ, ಸವಾರನದು.

ಈಗ ಅಳಿಯನ ಪ್ರಶ್ನೆ. ಎರಡರಷ್ಟು ಕುದುರೆಗಳಿಂದ ಎರಡರಷ್ಟು ವೇಗ ಏಕೆ ಬರುವುದಿಲ್ಲ? ಗಾಳಿ ಬಿಡುವುದಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಅಷ್ಟು ಬೇಗ ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಕ್ರೂಸರಿನ ಸವಾರ ಎದೆ ಸೆಟೆಸಿ ಕುಳಿತಿರುವುದರಿಂದ ಅವನಿಗೆ ಈ ಸುಂಕ ಇನ್ನೂ ಹೆಚ್ಚು. ನಾನು ಸ್ಥೂಲವಾಗಿ ಲೆಕ್ಕ ಹಾಕಿದಂತೆ, ಗಂಟೆಗೆ 60 ಕಿಲೋಮೀಟರಿನಲ್ಲಿ ಒಂದೇ ಸಮನೆ ಸಾಗಲು ಚಕ್ರಕ್ಕೆ ಬೇಕಾದುದು ನಾಲ್ಕೇ ಕುದುರೆಗಳು. 100 ಕಿಲೋಮೀಟರಿಗೆ ಹದಿಮೂರು. 120ಕ್ಕೆ ಇಪ್ಪತ್ತೆರಡು, ಅಂದರೆ ಮೀಟಿಯರ್ 350 ಅಷ್ಟು ದೂರ ಹೋಗುವ ಮೊದಲೇ ಕೈ ಚೆಲ್ಲಬೇಕು. 650ರ ಗಾಡಿಗೆ ಎರಡೂಕಾಲು ಪಟ್ಟು ಶಕ್ತಿಯಿದ್ದರೂ ಕೊನೆಯ ವೇಗದಲ್ಲಿ ಅದು ಮುಂದಿರುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು.

ಹಾಗಾದರೆ ಆ ಹೆಚ್ಚುವರಿ ಕುದುರೆಗಳು ವ್ಯರ್ಥವೆ? ಅಲ್ಲ. ಅವು ಇರುವುದು ಕೊನೆಯ ವೇಗಕ್ಕಲ್ಲ, ನಡುವಿನ ಉಳಿಕೆಗೆ. 100 ಕಿಲೋಮೀಟರಿನಲ್ಲಿ ಹೋಗುತ್ತಿರುವಾಗ, ಸರಿಯಾದ ಗೇರಿನಲ್ಲಿದ್ದರೂ, ಚಿಕ್ಕ ಗಾಡಿಯ ಕೈಯಲ್ಲಿ ಮಿಗುವುದು ನಾಲ್ಕೋ ಐದೋ ಕುದುರೆಗಳು. ದೊಡ್ಡದಕ್ಕೆ ಇಪ್ಪತ್ತೈದಕ್ಕೂ ಹೆಚ್ಚು. ಅದಲ್ಲದೆ ಅದರ 52 ನ್ಯೂಟನ್ ಮೀಟರಿನಲ್ಲಿ ಐದರಲ್ಲಿ ನಾಲ್ಕು ಪಾಲು 2500 ಸುತ್ತಿಗೇ ಸಿಗುತ್ತದೆಂದು ತಯಾರಿಸಿದವರು ಹೇಳುತ್ತಾರೆ. ಅಂದರೆ ಗೇರು ಇಳಿಸಲು ಮರೆತ ನನ್ನಂಥವನಿಗೂ ಹದಿನಾಲ್ಕು ಕುದುರೆಗಳು ಒದಗಿ ಬರುತ್ತವೆ.

ಇದರ ಜೊತೆಗೆ ಭಾರದ ಮಾತು. ಹಳೆಯ ಯೆಜ್ಡಿ ಸುಮಾರು 140 ಕಿಲೋ ತೂಗುತ್ತಿತ್ತು. ಒಂದೊಂದು ಕುದುರೆಯ ಪಾಲಿಗೆ ಒಂಬತ್ತು ಕಿಲೋವಿಗಿಂತ ಕಡಿಮೆ ಹೊರೆ. 191 ಕಿಲೋ ತೂಗುವ ಮೀಟಿಯರಿನಲ್ಲಿ ಅದು ಒಂಬತ್ತೂವರೆ. ನಲವತ್ತು ವರ್ಷ ಕಳೆದರೂ ಈ ಒಂದು ಲೆಕ್ಕದಲ್ಲಿ ನಮ್ಮ ಮೈಸೂರಿನ ಗಾಡಿಯೇ ಮೇಲು ಎಂದು ನಾನು ಹೇಳಿದಾಗ ಅಳಿಯ ನಕ್ಕ. ನಗಲಿ. 241 ಕಿಲೋ ತೂಗುವ 650ರಲ್ಲಿ ಮಾತ್ರ ಒಂದು ಕುದುರೆಗೆ ಬರುವುದು ಐದು ಕಿಲೋವಿನ ಸುಮಾರು.

ಅವನು ಎಲ್ಲವನ್ನೂ ಕೇಳಿಕೊಂಡು, 650 ಕೊಳ್ಳುವೆನೆಂದೇ ಅಂಗಡಿಗೆ ಹೋದ. ತಾನಿರುವ ಬಾಡಿಗೆ ಮನೆಯ ನೆಲಮಾಳಿಗೆಯ ಇಳಿಜಾರನ್ನು ನೆನೆದು, ಅಲ್ಲಿನ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿದನಂತೆ. 350 ಕೊಂಡು ಬಂದ.

ಕಳೆದ ತಿಂಗಳು ಊರಿನ ಹಬ್ಬಕ್ಕೆ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಚನ್ನರಾಯಪಟ್ಟಣದಿಂದ ಒಳಕ್ಕೆ ತಿರುಗಿದ ಮೇಲೆ ಕಿರಿದಾದ ದಾರಿಯಲ್ಲಿ ಮುಂದೆ ಒಂದು ಬಸ್ಸು ಸಿಕ್ಕಿತು. ನಾನು ಏನೂ ಹೇಳಲಿಲ್ಲ. ದಾರಿ ನೇರವಾಗುವವರೆಗೆ ಅವನು ಕಾದ. ಆಮೇಲೆ ಕಾಲಿನ ಕೆಳಗೆ ಎರಡು ಗೇರು ಟಕಟಕನೆ ಇಳಿದ ಸದ್ದು ಕೇಳಿಸಿತು.