ಗಡ್ಡೆ ಹೋದರೂ ಕಾಡುವ ಮರೆವು: ಮೆದುಳಿನ ಚಿಕಿತ್ಸೆಯ ನಂತರದ ಬದುಕು

ಜುಗೂಳ: ತಲೆಯ ಶಸ್ತ್ರಚಿಕಿತ್ಸೆ ಮುಗಿಸಿ, ಆರು ವಾರ ‘ಕರೆಂಟ್’ ಕೊಡಿಸಿಕೊಂಡು ಊರಿಗೆ ಮರಳಿದ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸ್ಕ್ಯಾನಿಂಗ್ ವರದಿ ಸಮಾಧಾನಕರವಾಗಿದೆ. ಗಾಯ ಮಾಗಿದೆ. ಊಟ, ನಡಿಗೆ ಮೊದಲಿನಂತೆಯೇ ಇವೆ. ಆದರೆ ಡೇರಿಗೆ ಹಾಕಿದ ಹಾಲಿನ ಲೆಕ್ಕ ವಾರದ ಕೊನೆಗೆ ಕೂಡುವುದಿಲ್ಲ. ಪಂಪ್‌ಸೆಟ್ ಚಾಲೂ ಮಾಡಿ ಬಂದದ್ದು ಮರೆತು ಕಬ್ಬಿನ ಹೊಲದಲ್ಲಿ ನೀರು ವ್ಯರ್ಥವಾಗಿ ಹರಿಯುತ್ತದೆ. ನಾಲ್ವರು ಒಟ್ಟಿಗೆ ಮಾತನಾಡತೊಡಗಿದರೆ ಆತ ಎದ್ದು ಹೋಗುತ್ತಾನೆ. ಮನೆಯವರು ಇದನ್ನು ಮೈಗಳ್ಳತನವೆಂದು ತಿಳಿಯುತ್ತಾರೆ. ಇಲ್ಲವೇ ಸ್ವಭಾವವೇ ಕೆಟ್ಟಿತೆಂದು ಕೊರಗುತ್ತಾರೆ.

ಇದು ಮೈಗಳ್ಳತನವಲ್ಲ. ಗಮನ, ನೆನಪು, ಯೋಚನೆಯ ವೇಗ, ಕೆಲಸವನ್ನು ಕ್ರಮವಾಗಿ ಯೋಜಿಸುವ ಶಕ್ತಿ ಕುಂದುವುದು ಮೆದುಳಿನ ಗಡ್ಡೆಯ ರೋಗಿಗಳಲ್ಲಿ ವೈದ್ಯಶಾಸ್ತ್ರವು ಬಹುಕಾಲದಿಂದ ಗುರುತಿಸಿರುವ ತೊಂದರೆಯಾಗಿದೆ. ಇದಕ್ಕೆ ಕಾರಣಗಳಿವೆ. ಅವುಗಳಲ್ಲಿ ಕೆಲವನ್ನು ಸರಿಪಡಿಸಲೂ ಸಾಧ್ಯವಿದೆ.

ಮೊದಲ ಕಾರಣ ಗಡ್ಡೆಯೇ. ಚಿಕಿತ್ಸೆಗೆ ಮುನ್ನವೇ ಅನೇಕರಲ್ಲಿ ಮರೆವು ಕಾಣಿಸಿಕೊಂಡಿರುತ್ತದೆ. ಶಸ್ತ್ರಚಿಕಿತ್ಸೆಯಿಂದ ಒತ್ತಡ ಇಳಿದು ಕೆಲವರು ಸುಧಾರಿಸಿದರೆ, ಗಡ್ಡೆಯ ಸುತ್ತಲಿನ ಆರೋಗ್ಯವಂತ ಭಾಗಕ್ಕೆ ಪೆಟ್ಟು ಬಿದ್ದು ಕೆಲವರಿಗೆ ಹೊಸ ತೊಂದರೆ ಉಂಟಾಗುತ್ತದೆ.

ನಂತರದ್ದು ವಿಕಿರಣ ಚಿಕಿತ್ಸೆ. ಜನ ‘ಕರೆಂಟ್’ ಎಂದರೂ ಇದರಲ್ಲಿ ವಿದ್ಯುತ್ ಹರಿಸುವುದಿಲ್ಲ. ಸಾಮಾನ್ಯವಾಗಿ ಬಳಸುವುದು ಶಕ್ತಿಶಾಲಿ ಎಕ್ಸ್-ಕಿರಣವನ್ನು. ಚಿಕಿತ್ಸೆಯ ದಿನಗಳಲ್ಲಿ ಹಾಗೂ ನಂತರದ ಕೆಲವು ತಿಂಗಳಲ್ಲಿ ಕಾಡುವ ಆಯಾಸ, ನಿದ್ದೆಯ ಮಂಪರು, ಮರೆವು ಬಹಳಷ್ಟು ಸಲ ತಾವಾಗಿಯೇ ಕಡಿಮೆಯಾಗುತ್ತವೆ. ಕಷ್ಟವಿರುವುದು ಆರು ತಿಂಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ ತಲೆದೋರುವ ಹಾನಿಯಲ್ಲಿ. ಮೆದುಳಿನ ಸಣ್ಣ ರಕ್ತನಾಳಗಳು, ನರತಂತುಗಳ ಹೊದಿಕೆ ಹಾಗೂ ಹೊಸ ನೆನಪನ್ನು ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಭಾಗ ಇದರಿಂದ ಬಾಧಿತವಾಗುತ್ತವೆ. ಇಂಥ ಹಾನಿ ಪೂರ್ತಿ ಮರಳುವುದು ವಿರಳ.

ಎಷ್ಟು ಭಾಗಕ್ಕೆ ಕಿರಣ ತಾಗಿತು ಎಂಬುದು ಇಲ್ಲಿ ನಿರ್ಣಾಯಕ. ಬೇರೆ ಅಂಗದ ಕ್ಯಾನ್ಸರ್ ಮೆದುಳಿಗೆ ಹರಡಿ ಒಂದರಿಂದ ಮೂರು ಗಡ್ಡೆಗಳಿದ್ದ 213 ರೋಗಿಗಳ ಅಧ್ಯಯನವೊಂದು 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾಯಿತು. ಗಡ್ಡೆಗಳಿಗೆ ಮಾತ್ರ ಕಿರಣ ಪಡೆದವರಲ್ಲಿ ಮೂರು ತಿಂಗಳ ಹೊತ್ತಿಗೆ ಶೇ 63.5ರಷ್ಟು ಮಂದಿಯ ಅರಿವಿನ ಸಾಮರ್ಥ್ಯ ಕುಸಿದಿತ್ತು. ಇಡೀ ಮೆದುಳಿಗೂ ಕಿರಣ ಪಡೆದವರಲ್ಲಿ ಈ ಪ್ರಮಾಣ ಶೇ 91.7. ಇಡೀ ಮೆದುಳಿನ ಚಿಕಿತ್ಸೆಯಿಂದ ಗಡ್ಡೆ ಮರುಕಳಿಸುವುದು ತಗ್ಗಿತಾದರೂ ಆಯುಷ್ಯ ಹೆಚ್ಚಲಿಲ್ಲ. ಇಡೀ ಮೆದುಳಿಗೆ ಕಿರಣ ಅನಿವಾರ್ಯವಾದಾಗಲೂ ಹಿಪೊಕ್ಯಾಂಪಸ್ ಭಾಗವನ್ನು ತಪ್ಪಿಸಿ ಕೊಟ್ಟರೆ ಈ ಕುಸಿತದ ಅಪಾಯ ಶೇ 26ರಷ್ಟು ತಗ್ಗುತ್ತದೆ ಎಂಬುದನ್ನು 518 ರೋಗಿಗಳ ಇನ್ನೊಂದು ಅಧ್ಯಯನ 2020ರಲ್ಲಿ ತೋರಿಸಿತು.

ನಮ್ಮ ದೇಶದ ಕೊಡುಗೆಯೂ ಇದರಲ್ಲಿ ಸಣ್ಣದಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ರಾಕೇಶ್ ಜಲಾಲಿ ಮತ್ತು ಸಂಗಡಿಗರು 2001ರಿಂದ 2012ರವರೆಗೆ 200 ಮಕ್ಕಳು ಹಾಗೂ ಯುವಕರನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಎರಡು ಗುಂಪಿಗೂ ಕಿರಣದ ಪ್ರಮಾಣ ಒಂದೇ. ಒಂದು ಗುಂಪಿಗೆ ಮಾತ್ರ ಗಡ್ಡೆಯ ಆಕಾರಕ್ಕೆ ತಕ್ಕಂತೆ ಅತಿ ನಿಖರವಾಗಿ ಗುರಿಯಿಟ್ಟು ಕೊಡಲಾಯಿತು. ಐದು ವರ್ಷಗಳ ಉದ್ದಕ್ಕೂ ಆ ಗುಂಪಿನ ಬುದ್ಧಿಶಕ್ತಿಯ ಅಂಕಗಳು ಉತ್ತಮವಾಗಿ ಉಳಿದವು. ಗಡ್ಡೆಯ ನಿಯಂತ್ರಣದಲ್ಲಿ ಕೊರತೆಯೇನೂ ಕಾಣಲಿಲ್ಲ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕಲಿತದ್ದನ್ನು ಮಗು ಮರೆಯುವುದಕ್ಕಿಂತ ಹೊಸದನ್ನು ಕಲಿಯುವ ವೇಗ ತಗ್ಗುವುದೇ ಹೆಚ್ಚು. ಆದ್ದರಿಂದ ಚಿಕಿತ್ಸೆಯ ವರ್ಷ ಏನೂ ತಿಳಿಯದೆ, ಎರಡು ಮೂರು ತರಗತಿ ದಾಟಿದ ಮೇಲೆ ಮಗು ಹಿಂದೆ ಬೀಳುತ್ತದೆ. ಆ ಹೊತ್ತಿಗೆ ಶಾಲೆಯಲ್ಲಿ ಹಳೆಯ ಕಾಯಿಲೆಯ ನೆನಪು ಯಾರಿಗೂ ಇರುವುದಿಲ್ಲ.

ಯಾವ ಭಾಷೆಯಲ್ಲಿ ಪರೀಕ್ಷೆ?

ಗಡಿಭಾಗದವರಿಗೆ ಇನ್ನೊಂದು ತೊಡಕಿದೆ. ಜುಗೂಳದಿಂದ ಕೃಷ್ಣೆಯನ್ನು ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ದೊಡ್ಡ ಕಾಯಿಲೆ ಬಂದರೆ ಬೆಳಗಾವಿಗಿಂತ ಮಿರಜ್, ಸಾಂಗ್ಲಿಗಳೇ ಹತ್ತಿರ. ಮನೆಯಲ್ಲಿ ಕನ್ನಡವಾಡಿ, ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ವ್ಯವಹರಿಸುವುದು ಈ ಭಾಗದವರಿಗೆ ವಿಶೇಷವೇನಲ್ಲ. ಆದರೆ ನೆನಪಿನ ಪರೀಕ್ಷೆಯೆಂದರೆ ಬಹುಮಟ್ಟಿಗೆ ಭಾಷೆಯ ಪರೀಕ್ಷೆಯೇ: ಪದಗಳ ಪಟ್ಟಿ ಕೇಳಿಸಿ ಮರಳಿ ಹೇಳಿಸುವುದು, ಚಿತ್ರ ತೋರಿಸಿ ಹೆಸರು ಕೇಳುವುದು. ಎರಡನೆಯ ಭಾಷೆಯಲ್ಲಿ ಪರೀಕ್ಷೆ ನಡೆದರೆ ಇಲ್ಲದ ದೋಷ ಕಾಣಬಹುದು. ಮನೆಮಾತಿನಲ್ಲಿರುವ ದೋಷ ಗಮನಕ್ಕೆ ಬಾರದೆಯೂ ಹೋಗಬಹುದು.

ಇದು ಕೇವಲ ಅನುಮಾನವಲ್ಲ. ರೋಗಿಯನ್ನು ಎಚ್ಚರದಲ್ಲಿರಿಸಿ, ಮಾತನಾಡಿಸುತ್ತಲೇ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯೊಂದಿದೆ. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲವಾದ್ದರಿಂದ ಇದು ಸಾಧ್ಯ. ಮೆದುಳಿನಲ್ಲಿ ಎರಡು ಭಾಷೆಗಳ ನೆಲೆಗಳು ಪೂರ್ತಿ ಒಂದೇ ಆಗಿರುವುದಿಲ್ಲ ಎಂಬುದನ್ನು ಜಾರ್ಜ್ ಓಜಮನ್ ಮತ್ತು ಹ್ಯಾರಿ ವಿಟೇಕರ್ ಎಂಬ ಸಂಶೋಧಕರು 1978ರಲ್ಲೇ ಇಬ್ಬರು ದ್ವಿಭಾಷಿ ರೋಗಿಗಳಲ್ಲಿ ತೋರಿಸಿದ್ದರು. ಒಂದೇ ಭಾಷೆಯಲ್ಲಿ ಮಾತನಾಡಿಸಿದರೆ ಇನ್ನೊಂದು ಅರಕ್ಷಿತವಾಗಿ ಉಳಿಯುತ್ತದೆ. ಆದ್ದರಿಂದ ರೋಗಿ ಬಳಸುವ ಎರಡೂ ಭಾಷೆಗಳನ್ನು ಮೊದಲೇ ವೈದ್ಯರಿಗೆ ತಿಳಿಸುವುದು ಅವಶ್ಯ.

ಕನ್ನಡದಲ್ಲಿ ಸಲಕರಣೆಗಳ ಕೊರತೆಯಿದೆಯೆಂಬ ದೂರು ಈಗ ಪೂರ್ತಿ ನಿಜವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಪರೀಕ್ಷಾಮಾಲೆ 2004ರಲ್ಲಿ ಹೊರಬಂದಿತು. ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕ ಮಾನದಂಡಗಳು ಅದರಲ್ಲಿವೆ. ಶಾಲೆಯ ಮುಖ ಕಾಣದವರನ್ನು ಪದವೀಧರರ ಅಳತೆಗೋಲಿನಿಂದ ಅಳೆಯುವ ಅನ್ಯಾಯ ಇದರಿಂದ ತಪ್ಪಿತು. ಮರೆವಿನ ಕಾಯಿಲೆಗಳ ಪತ್ತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಇನ್ನೊಂದು ಪರೀಕ್ಷಾಮಾಲೆ 2020ರಲ್ಲಿ ಪ್ರಕಟವಾದಾಗ ಅದರ ಐದು ಭಾಷೆಗಳಲ್ಲಿ ಕನ್ನಡ ಇತ್ತು, ಮರಾಠಿ ಇರಲಿಲ್ಲ.

ಏನು ಕೇಳಬೇಕು?

ಎಲ್ಲ ಮರೆವನ್ನೂ ಕಿರಣದ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆಗೆಡಿಸಿ ಸಿಡುಕು ತರಬಲ್ಲದು. ಮೂರ್ಛೆ ತಡೆಯುವ ಫಿನೋಬಾರ್ಬಿಟಾಲ್ ಯೋಚನೆಯನ್ನು ಮಂದಗೊಳಿಸುತ್ತದೆ. ಲೆವೆಟಿರಾಸೆಟಮ್‌ನಿಂದ ಕೆಲವರು ಕೋಪಿಷ್ಠರಾಗುತ್ತಾರೆ. ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಪ್ರಮಾಣ ಬದಲಿಸಲು, ಬೇರೆ ಔಷಧ ಕೊಡಲು ವೈದ್ಯರಿಗೆ ಸಾಧ್ಯವಿದೆ. ಕಿರಣವು ಪಿಟ್ಯುಟರಿ ಗ್ರಂಥಿಗೆ ತಾಗಿದ್ದರೆ ಥೈರಾಯ್ಡ್ ಮುಂತಾದ ಹಾರ್ಮೋನುಗಳು ಕುಸಿಯುತ್ತವೆ. ಆಗಿನ ಜಡತೆಯನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಿ ಗುಳಿಗೆಯಿಂದ ಸರಿಪಡಿಸಬಹುದು. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ.

ಚಿಕಿತ್ಸೆ ಆರಂಭಿಸುವ ಮುನ್ನ ಒಮ್ಮೆ ಅರಿವಿನ ಪರೀಕ್ಷೆ ಮಾಡಿಸಿಟ್ಟರೆ ಮುಂದಿನ ವರ್ಷಗಳಲ್ಲಿ ಹೋಲಿಸಲು ಆಧಾರ ಸಿಗುತ್ತದೆ. ಆಪರೇಷನ್‌ನ ಗಡಿಬಿಡಿಯಲ್ಲಿ ಇದನ್ನು ಕೇಳಲು ಯಾರಿಗೂ ತೋಚುವುದಿಲ್ಲ ಎಂಬುದೇ ಈ ಲೇಖನ ಬರೆಯಲು ಮುಖ್ಯ ಕಾರಣ.

ನಂತರದ ಮನೆಮದ್ದು ಸರಳ. ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್, ಮೊಬೈಲ್‌ನಲ್ಲಿ ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ, ಮಧ್ಯಾಹ್ನ ಅರ್ಧ ತಾಸು ವಿಶ್ರಾಂತಿ. ಹಣದ ವ್ಯವಹಾರಕ್ಕೆ ಮನೆಯ ಇನ್ನೊಬ್ಬರ ಕಣ್ಣಿರಲಿ, ಆದರೆ ಲೆಕ್ಕವನ್ನು ರೋಗಿಯ ಕೈಯಿಂದ ಪೂರ್ತಿ ಕಿತ್ತುಕೊಳ್ಳುವುದು ಬೇಡ. ಮೂರ್ಛೆ ಬರುವವರು ವೈದ್ಯರ ಒಪ್ಪಿಗೆಯಿಲ್ಲದೆ ಟ್ರ್ಯಾಕ್ಟರ್, ಬೈಕ್ ಓಡಿಸಕೂಡದು, ಒಬ್ಬರೇ ಹೊಳೆಗೆ ಇಳಿಯಲೂಬಾರದು. ರೋಗಿಗಾಗಲಿ, ಆರೈಕೆ ಮಾಡುವವರಿಗಾಗಲಿ ಮನಸ್ಸು ಕುಗ್ಗಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.