ಫಾಲ್ ರಿವರ್: ಕದಿರುಗಳ ಊರಿನ ಕಾಲ್ಚೆಂಡು

ಬಾಸ್ಟನ್ ನಗರಕ್ಕೆ ದಕ್ಷಿಣದಲ್ಲಿ ಸುಮಾರು ೫೦ ಮೈಲಿ ದೂರ, ಟಾಂಟನ್ ನದಿಯು ಮೌಂಟ್ ಹೋಪ್ ಕೊಲ್ಲಿಯನ್ನು ಸೇರುವೆಡೆಯ ಪೂರ್ವತೀರದ ಗುಡ್ಡದ ಇಳಿಜಾರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಫಾಲ್ ರಿವರ್ ಪಟ್ಟಣವು ಹರಡಿಕೊಂಡಿದೆ. ಗುಡ್ಡದ ಮೇಲಣ ಕೆರೆಗಳಿಂದ ಹೊರಟ ಕ್ವೆಕ್ವೆಚನ್ ಎಂಬ ಸಣ್ಣ ಹೊಳೆಯು ತನ್ನ ಕೊನೆಯ ಅರ್ಧ ಮೈಲಿಯಲ್ಲಿ ೧೨೦ ಅಡಿಗೂ ಮಿಕ್ಕು ಕೆಳಕ್ಕೆ ಧುಮುಕುತ್ತಿತ್ತು; ಬೀಳುವ ನೀರು ಎಂಬುದೇ ಆ ನೆಲದ ಮೂಲನಿವಾಸಿಗಳ ನುಡಿಯಲ್ಲಿ ಹೊಳೆಯ ಹೆಸರಿಗೆ ಅರ್ಥ, ಊರಿನ ಇಂಗ್ಲಿಷ್ ಹೆಸರೂ ಅದನ್ನೇ ಹೇಳುತ್ತದೆ. ಆ ನೀರಿನ ಬಲದಿಂದ ತಿರುಗಲಾರಂಭಿಸಿದ ಕದಿರುಗಳು, ಹಬೆಯ ಯಂತ್ರಗಳು ಬಂದ ಮೇಲೆ ಲಕ್ಷೋಪಲಕ್ಷವಾಗಿ ಬೆಳೆದು, ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ನೂರಕ್ಕೂ ಹೆಚ್ಚು ಹತ್ತಿಯ ಗಿರಣಿಗಳು ಆ ಗುಡ್ಡದ ಮೇಲೆಲ್ಲ ನೆಲೆಗೊಂಡವು. ನೂಲು ಎಳೆಯುವಾಗ ತುಂಡಾಗದಂತೆ ಕಾಯುವ ಕಡಲಿನ ತೇವದ ಗಾಳಿಯೂ, ಊರಿನ ನೆಲದಿಂದಲೇ ಕಡಿದು ತೆಗೆದ ಗಟ್ಟಿಯಾದ ಗ್ರಾನೈಟ್ ಕಲ್ಲೂ ಗಿರಣಿಗಳ ಒಡೆಯರಿಗೆ ಒದಗಿದ್ದ ನಿಸರ್ಗದ ಕೊಡುಗೆಗಳಾಗಿದ್ದವು. ಅಮೆರಿಕೆಯಲ್ಲಿ ಕಾಲ್ಚೆಂಡು ಇತ್ತೀಚೆಗೆ ಬೇರೂರಿದ ಆಟವೆಂದು ತಿಳಿದಿರುವವರು ಈ ಗಿರಣಿಗಳ ನಡುವಿನ ಬಯಲುಗಳನ್ನು ಒಮ್ಮೆ ನೆನೆಯಬೇಕು.

ಮಗ್ಗಗಳನ್ನು ನಡೆಸಲು ಕೈಗಳು ಬೇಕಾದುವು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಿಂದ ನೇಯುವವರೂ ನೂಲುವವರೂ ಬಂದರು. ಅವರೊಡನೆ ಸ್ಕಾಟರೂ ಐರಿಷರೂ ಬಂದರು. ಅನಂತರ ಕೆನಡಾದ ಫ್ರೆಂಚರು, ಆ ಬಳಿಕ ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಪೋರ್ಚುಗೀಸರು. ತಮ್ಮ ಊರಿನ ಗಿರಣಿಬೀದಿಗಳಲ್ಲಿ ಆಡುತ್ತಿದ್ದ ಆಟವನ್ನು ಲ್ಯಾಂಕಾಷೈರಿನವರು ಹಡಗು ಹತ್ತುವಾಗ ಬಿಟ್ಟುಬರಲಿಲ್ಲ. ಹತ್ತಿಯ ನೂಲು ಎಲ್ಲೆಲ್ಲಿ ಹಬ್ಬಿತೋ ಅಲ್ಲೆಲ್ಲ ಅಮೆರಿಕೆಯ ಕಾಲ್ಚೆಂಡೂ ಹಾಸುಹೊಕ್ಕಾಗಿ ಹಬ್ಬಿತೆಂದರೆ ಅತಿಶಯೋಕ್ತಿಯಲ್ಲ: ೧೮೮೪ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ ನಡೆಸಿದ ಅಮೆರಿಕನ್ ಕಪ್ಪನ್ನು ಮೊದಲ ಮೂರು ವರ್ಷ ಗೆದ್ದುಕೊಂಡದ್ದು ಅಲ್ಲಿನ ಕ್ಲಾರ್ಕ್ ನೂಲಿನ ಕಾರ್ಖಾನೆಯ ತಂಡ, ೧೮೮೮ರಲ್ಲಿ ಫಾಲ್ ರಿವರ್ ರೋವರ್ಸ್ ತಂಡವು ಅದನ್ನು ಕಸಿದುಕೊಂಡು ಊರಿಗೆ ತಂದ ಮೇಲೆ, ೧೮೯೨ರವರೆಗೆ ಅದು ಫಾಲ್ ರಿವರಿನ ಒಂದಲ್ಲ ಒಂದು ತಂಡದ ಕೈಯಲ್ಲಿಯೇ ಉಳಿಯಿತು. ಒಂದೇ ಊರಿನ ಮೂರು ತಂಡಗಳು ಐದು ವರ್ಷ ದೇಶದ ಪ್ರಶಸ್ತಿಯನ್ನು ತಮ್ಮತಮ್ಮೊಳಗೇ ಹಂಚಿಕೊಂಡ ಆ ದಿನಗಳಲ್ಲಿ ಗಿರಣಿಯ ಹುಡುಗರಿಗೆ ಎಂಥ ಹೆಮ್ಮೆಯಿದ್ದಿರಬೇಕು!

ಹೊಸ ಶತಮಾನದಲ್ಲಿ ಎದುರಾಳಿಯೂ ಹೊಸಬನಾದ. ಪೆನ್ಸಿಲ್ವೇನಿಯದ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯ ತಂಡಕ್ಕೂ ರೋವರ್ಸಿಗೂ ೧೯೧೬, ೧೯೧೭, ೧೯೧೮ರಲ್ಲಿ ಸತತವಾಗಿ ರಾಷ್ಟ್ರೀಯ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯ ನಡೆದು, ನಡುವಣ ವರ್ಷ ಮಾತ್ರ ನೂಲು ಉಕ್ಕನ್ನು ೧–೦ರಿಂದ ಮಣಿಸಿತು. ಅಮೆರಿಕೆಯ ಪ್ರಥಮ ರಾಷ್ಟ್ರೀಯ ತಂಡವು ೧೯೧೬ರ ಆಗಸ್ಟ್ ೨೦ರಂದು ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನನ್ನು ೩–೨ರಿಂದ ಸೋಲಿಸಿದಾಗ ಅದರ ನಾಯಕನಾಗಿದ್ದವನು ಫಾಲ್ ರಿವರಿನ ಥಾಮಸ್ ಸ್ವೋರ್ಡ್ಸ್.

ಇಷ್ಟಾದರೂ ಈ ಊರಿನ ಆಟದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಒಂದು ಗಡಿಗೆರೆಯ ಕಥೆ. ೧೮೬೨ಕ್ಕೆ ಮುಂಚೆ ಮ್ಯಾಸಚೂಸೆಟ್ಸಿಗೂ ರೋಡ್ ಐಲೆಂಡಿಗೂ ನಡುವಣ ಗಡಿಯು ಜನವಸತಿಯ ನಡುವೆಯೇ ಹಾದುಹೋಗುತ್ತಿದ್ದು, ಆ ವರ್ಷ ಅದನ್ನು ದಕ್ಷಿಣಕ್ಕೆ ಸರಿಸಿ ಊರನ್ನೆಲ್ಲ ಒಂದೇ ಸಂಸ್ಥಾನದೊಳಕ್ಕೆ ತಂದಿದ್ದರು. ಸರಿದ ಗೆರೆಯ ಆಚೆಗೆ ರೋಡ್ ಐಲೆಂಡಿನ ಟಿವರ್ಟನ್ ಗ್ರಾಮ ಉಳಿಯಿತು. ೧೯೨೨ರಲ್ಲಿ ಸ್ಯಾಮ್ ಮಾರ್ಕ್ ಎಂಬ ವ್ಯವಹಾರಕುಶಲನು ಊರಿನ ವೃತ್ತಿಪರ ತಂಡವನ್ನು ಕೊಂಡು, ಅದಕ್ಕೆ ಮಾರ್ಕ್ಸ್‌ಮೆನ್ ಎಂದು ತನ್ನ ಹೆಸರನ್ನೇ ಹೊಂದುವಂತೆ ನಾಮಕರಣ ಮಾಡಿದಾಗ, ಅವನ ಮುಂದೆ ಒಂದು ತೊಡಕು ನಿಂತಿತ್ತು. ವಾರವೆಲ್ಲ ದುಡಿಯುವ ಗಿರಣಿಯ ಜನಕ್ಕೆ ಪೂರ್ಣ ಬಿಡುವಿದ್ದುದು ಭಾನುವಾರವೊಂದೇ; ಆ ದಿನ ಹಣ ತೆತ್ತು ನೋಡುವ ಆಟವನ್ನು ಮ್ಯಾಸಚೂಸೆಟ್ಸಿನ ಹಳೆಯ ಧಾರ್ಮಿಕ ಕಟ್ಟಳೆಗಳು ನಿಷೇಧಿಸಿದ್ದುವು. ಮಾರ್ಕನು ಕಟ್ಟಳೆಯೊಡನೆ ಜಗಳಕ್ಕೆ ನಿಲ್ಲದೆ, ಗಡಿಗೆರೆಯಿಂದ ತುಸುವೇ ಆಚೆಗೆ, ಟಿವರ್ಟನ್ನಿನಲ್ಲಿ, ೧೫,೦೦೦ ಜನ ಹಿಡಿಯುವ ಕ್ರೀಡಾಂಗಣವನ್ನು ಕಾಲ್ಚೆಂಡಿಗೆಂದೇ ಕಟ್ಟಿಸಿದನು. ಮ್ಯಾಸಚೂಸೆಟ್ಸಿನಲ್ಲಿ ಭಾನುವಾರದ ಆಟಕ್ಕೆ ಮತದಾರರ ಒಪ್ಪಿಗೆ ದೊರೆತದ್ದು ೧೯೨೮ರಲ್ಲಿ. ಅಲ್ಲಿಯವರೆಗೂ ಇಡೀ ವಾರ ಒಂದು ಸಂಸ್ಥಾನದಲ್ಲಿ ನೂತು ನೇಯ್ದ ಜನ, ಏಳನೆಯ ದಿನ ಗೆರೆ ದಾಟಿ ಇನ್ನೊಂದು ಸಂಸ್ಥಾನದಲ್ಲಿ ನಲಿದು, ಸಂಜೆ ಮರಳಿ ಬರುತ್ತಿದ್ದರು.

ಆ ಅಂಗಣದಲ್ಲಿ ಕಂಡ ಆಟವೋ, ದೇಶದಲ್ಲಿಯೇ ಶ್ರೇಷ್ಠವಾದುದು. ಅಮೆರಿಕನ್ ಸಾಕರ್ ಲೀಗನ್ನು ಮಾರ್ಕ್ಸ್‌ಮೆನ್ ೧೯೨೪ರಿಂದ ೧೯೨೬ರವರೆಗೆ ಎಡೆಬಿಡದೆ ಗೆದ್ದಿತು. ೧೯೨೪ರಲ್ಲಿ ಚಾಲೆಂಜ್ ಕಪ್ಪೂ ಕೂಡಿಬಂದಿತು. ೧೯೨೭ರ ಕಪ್ಪಿನ ಅಂತಿಮ ಪಂದ್ಯದಲ್ಲಿ ಡೆಟ್ರಾಯಿಟಿನ ತಂಡವನ್ನು ೭–೦ರಿಂದ ಹೊಡೆದಟ್ಟಿತು. ಚೆಲ್ಸಿಗಾಗಿ ಆಡಿದ್ದ ಹೆರಾಲ್ಡ್ ಬ್ರಿಟ್ಟನನಂಥ ಕುಶಲರು ಕಡಲಾಚೆಯಿಂದ ಬಂದು ಇಲ್ಲಿ ಆಡಿದರು. ಹೀಗೆ ಬಂದವರಿಗಿಂತ ಊರಿನವರೇ ಆಗಿ ಬೆಳೆದವರನ್ನು ಕುರಿತು ಹೇಳುವುದು ನನಗೆ ಹೆಚ್ಚು ಇಷ್ಟ. ಪೋರ್ಚುಗೀಸ್ ತಂದೆತಾಯಿಗಳ ಮಗನಾಗಿ ಇಲ್ಲಿ ಬೆಳೆದ ಅಡೆಲಿನೊ ಗೊನ್ಸಾಲ್ವೆಸನನ್ನು ಜನರು ಬಿಲ್ಲಿ ಎಂದು ಕರೆದರು, ಪತ್ರಿಕೆಗಳು ಅಮೆರಿಕನ್ ಕಾಲ್ಚೆಂಡಿನ ಬೇಬ್ ರೂತ್ ಎಂದು ಕೊಂಡಾಡಿದವು. ೧೯೩೦ರಿಂದ ೧೯೩೫ರವರೆಗೆ ಸತತವಾಗಿ ಆರು ವರ್ಷ ಚಾಲೆಂಜ್ ಕಪ್ಪನ್ನು ಗೆದ್ದ ತಂಡದಲ್ಲಿ, ತಂಡ ಯಾವುದೇ ಇರಲಿ, ಅವನಿದ್ದನು.

ತಂಡ ಯಾವುದೇ ಇರಲಿ ಎಂದೆ; ಏಕೆಂದರೆ ಆ ಆರು ವರ್ಷಗಳಲ್ಲಿ ಅವನು ಊರೂರು ಅಲೆಯಬೇಕಾಯಿತು. ಬಟ್ಟೆಯ ಉದ್ಯಮವು ಅಗ್ಗದ ಕೂಲಿಯನ್ನರಸಿ ದಕ್ಷಿಣದ ಸಂಸ್ಥಾನಗಳಿಗೆ ಹೊರಟುಹೋಗುತ್ತಿತ್ತು. ೧೯೨೮ರ ಫೆಬ್ರುವರಿಯಲ್ಲಿ, ಮುಚ್ಚಿದ್ದ ಪೊಕಾಸೆಟ್ ಗಿರಣಿಯ ಕಟ್ಟಡವನ್ನು ಕೆಡವುತ್ತಿದ್ದಾಗ ಹೊತ್ತಿಕೊಂಡ ಬೆಂಕಿಯು ಊರಿನ ನಡುಭಾಗವನ್ನೇ ನುಂಗಿತು. ಮರುವರ್ಷ ಷೇರುಪೇಟೆ ಕುಸಿಯಿತು. ೧೯೩೧ರಲ್ಲಿ ಪುರಸಭೆಯ ಬೊಕ್ಕಸವೇ ಬರಿದಾಗಿ, ಅದರ ಹಣಕಾಸನ್ನು ಸಂಸ್ಥಾನವು ನೇಮಿಸಿದ ಮಂಡಲಿಯ ಕೈಗೆ ಒಪ್ಪಿಸಿಕೊಡಬೇಕಾಯಿತು. ಟಿಕೆಟು ಕೊಳ್ಳುವ ಕೈಗಳೇ ಬರಿದಾದ ಮೇಲೆ ಆಟ ಹೇಗೆ ನಿಂತೀತು? ಅದೇ ವರ್ಷ ಮಾರ್ಕನು ತಂಡವನ್ನು ನ್ಯೂಯಾರ್ಕಿಗೆ ಸಾಗಿಸಿ, ಅಲ್ಲಿಯ ಇನ್ನೊಂದು ತಂಡದೊಡನೆ ಬೆಸೆದು, ಯಾಂಕೀಸ್ ಎಂಬ ಹೆಸರಿಟ್ಟನು. ಕಪ್ಪಿನ ಪಂದ್ಯಗಳಿಗೆ ಮುಂಚೆಯೇ ಹಳೆಯ ಹೆಸರು ದಾಖಲಾಗಿದ್ದುದರಿಂದ, ೧೯೩೧ರ ಚಾಲೆಂಜ್ ಕಪ್ಪು ಇಂದಿಗೂ ಫಾಲ್ ರಿವರಿನ ಹೆಸರಿನಲ್ಲಿಯೇ ಇದೆ. ಊರನ್ನು ಬಿಟ್ಟುಹೋದ ತಂಡ ಊರಿನ ಹೆಸರಿನಲ್ಲಿ ಗೆದ್ದ ಕಪ್ಪು ಅದು.

ಆಟ ಸತ್ತಿತೆಂದುಕೊಂಡವರ ಎಣಿಕೆ ತಪ್ಪಾಯಿತು. ವೃತ್ತಿಪರರು ತೊರೆದ ನೆಲವನ್ನು ಹವ್ಯಾಸಿಗಳು ಉತ್ತರು. ಅಜೋರ್ಸಿನವರು ತಮ್ಮ ದ್ವೀಪದ ಪಟ್ಟಣವಾದ ಪೋಂಟಾ ಡೆಲ್ಗಾಡಾದ ಹೆಸರಿನಲ್ಲಿ ಕಟ್ಟಿಕೊಂಡ ಕ್ಲಬ್ಬು ೧೯೪೭ರಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಕಪ್ಪನ್ನೂ ಎಲ್ಲರಿಗೂ ತೆರೆದ ಚಾಲೆಂಜ್ ಕಪ್ಪನ್ನೂ ಒಟ್ಟಿಗೆ ಗೆದ್ದು, ಆ ಬೇಸಗೆಯಲ್ಲಿ ಹವಾನಾಕ್ಕೆ ಅಮೆರಿಕೆಯ ರಾಷ್ಟ್ರೀಯ ತಂಡವಾಗಿಯೇ ಹೋಗಿಬಂದಿತು. ಅಲ್ಲಿ ಸೋತರೆಂಬುದು ನಿಜ. ಆದರೆ ಒಂದು ಊರಿನ ಒಂದು ಕ್ಲಬ್ಬು ದೇಶದ ಅಂಗಿಯನ್ನು ತೊಟ್ಟಿತಲ್ಲವೆ? ಆ ಕ್ಲಬ್ಬಿನ ಜಾನ್ ಸೂಜಾ ಮತ್ತು ಎಡ್ ಸೂಜಾ ಇಬ್ಬರೂ—ಹೆಸರು ಒಂದೇ ಆದರೂ ನೆಂಟರಲ್ಲ—೧೯೫೦ರ ಜೂನ್ ೨೯ರಂದು ಬ್ರೆಜಿಲಿನ ಬೆಲೊ ಹೊರಿಜೊಂಟಿಯಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ ಇಂಗ್ಲೆಂಡನ್ನು ೧–೦ರಿಂದ ಸೋಲಿಸಿದ ಹನ್ನೊಂದು ಮಂದಿಯಲ್ಲಿದ್ದರು. ಲ್ಯಾಂಕಾಷೈರಿನ ನೇಕಾರರು ಮಗ್ಗದ ಪಕ್ಕದಲ್ಲಿ ಕಲಿಸಿಕೊಟ್ಟ ಪಾಠವನ್ನು ಪೋರ್ಚುಗೀಸರ ಮಕ್ಕಳು ಹೀಗೆ ಗುರುವಿನ ಮನೆಯವರಿಗೇ ಒಪ್ಪಿಸಿದರು.

ಒಂದು ಸಂಗತಿಯನ್ನು ಮಾತ್ರ ಕಾಲಕ್ರಮವನ್ನು ಮೀರಿ ಕೊನೆಗೆ ಉಳಿಸಿಕೊಂಡಿದ್ದೇನೆ. ೧೯೦೯ರ ನವೆಂಬರ್ ೪ರಂದು ಈ ಊರಿನ ಫ್ರೆಂಚ್ ಕೆನಡಿಯನ್ ಮನೆತನವೊಂದರಲ್ಲಿ ಹುಟ್ಟಿದ ಬರ್ಟ್ ಪಾಟನೋಡ್ ಎಂಬ ಮಾರ್ಕ್ಸ್‌ಮೆನ್ ಆಟಗಾರನು, ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಮೊದಲೇ, ಗೊನ್ಸಾಲ್ವೆಸನೊಡನೆ ಪ್ರಥಮ ವಿಶ್ವಕಪ್ಪಿಗೆಂದು ಉರುಗ್ವೆಗೆ ಹೋದನು. ೧೯೩೦ರ ಜುಲೈ ೧೭ರಂದು ಮಾಂಟೆವಿಡಿಯೊದಲ್ಲಿ ಪರಾಗ್ವೆಯ ಮೇಲೆ ೩–೦ರಿಂದ ಅಮೆರಿಕೆ ಗೆದ್ದಾಗ ಆ ಮೂರು ಗೋಲುಗಳೂ ಅವನವೇ. ಆದರೆ ಎರಡನೆಯ ಗೋಲನ್ನು ಕೆಲವರು ಜತೆಗಾರ ಟಾಮ್ ಫ್ಲೋರಿಯ ಲೆಕ್ಕಕ್ಕೆ ಬರೆದರು, ಕೆಲವರು ಪರಾಗ್ವೆಯವನೇ ತನ್ನ ಬಲೆಗೆ ಹೊಡೆದುಕೊಂಡನೆಂದರು. ವಿಶ್ವಕಪ್ಪಿನ ಮೊದಲ ಹ್ಯಾಟ್ರಿಕ್ಕಿನ ಕೀರ್ತಿಯು ಎರಡು ದಿನ ತರುವಾಯ ಮೂರು ಗೋಲು ಹೊಡೆದ ಅರ್ಜೆಂಟೀನದ ಸ್ಟಾಬಿಲೆಗೆ ಸಂದಿತು. ಹಳೆಯ ಪತ್ರಿಕೆಗಳನ್ನೂ ಆಟಗಾರರ ಮಾತುಗಳನ್ನೂ ಕೂಡಿಹಾಕಿ ಸಂಶೋಧಕರು ದಶಕಗಳ ಕಾಲ ವಾದಿಸಿದ ಮೇಲೆ, ೨೦೦೬ರ ನವೆಂಬರಿನಲ್ಲಿ ಫಿಫಾ ಸಂಸ್ಥೆಯು ತನ್ನ ದಾಖಲೆಯನ್ನು ತಿದ್ದಿ ಆ ಹೆಸರನ್ನು ಪಾಟನೋಡನಿಗೆ ಕೊಟ್ಟಿತು. ಅವನು ತೀರಿಕೊಂಡು ಆಗಲೇ ೩೨ ವರ್ಷಗಳಾಗಿದ್ದವು; ೧೯೭೪ರ ನವೆಂಬರ್ ೪ರಂದು, ತನ್ನ ಅರವತ್ತೈದನೆಯ ಹುಟ್ಟುಹಬ್ಬದ ದಿನವೇ, ಅವನು ಕಣ್ಣು ಮುಚ್ಚಿದ್ದನು.