ತೆರೆಯ ಮೇಲಿನ ನೆರಳು

ದೇವದುರ್ಗದಿಂದ ರಾಯಚೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಐದು ತಿಂಗಳ ಬಸುರಿಯೊಬ್ಬಳು ಕಿಟಕಿಯ ಬಳಿ ಕುಳಿತಿರುತ್ತಾಳೆ. ಮಗ್ಗುಲಲ್ಲಿ ಅತ್ತೆ; ಚೀಲದಲ್ಲಿ ತಾಯಿ ಕಾರ್ಡು, ಬುತ್ತಿ, ನೀರಿನ ಬಾಟಲಿ. ಮಾನ್ವಿಯ ಕಡೆಯಿಂದ ಬರುವ ಬಸ್ಸಿನಲ್ಲಿಯೂ ಇಂಥದೇ ನೋಟ. ಸ್ಕ್ಯಾನಿಂಗ್ ಮಾಡಿಸಿ, ಕೂಸಿನ ಚಲನೆಯನ್ನು ತೆರೆಯ ಮೇಲೆ ಕಣ್ಣಾರೆ ಕಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕೆಂಬ ಹಂಬಲ. ಮನೆಯಲ್ಲಿ ಆಗಲೇ ಕುಬುಸದ ಮಾತು ಆರಂಭವಾಗಿದೆ.

ಆದರೆ ಪರೀಕ್ಷೆಯ ಕೋಣೆಯಲ್ಲಿ ವೈದ್ಯರ ಕೈ ಒಂದೆಡೆ ತಡೆದು ನಿಲ್ಲುತ್ತದೆ. ಅವರು ಮತ್ತೆ ಮತ್ತೆ ಅದೇ ಜಾಗವನ್ನು ನೋಡುತ್ತಾರೆ.

"ಕೂಸಿಗೆ ಏನಾಗೈತ್ರಿ, ಡಾಕ್ಟರ್ರೆ?"

"ಇನ್ನೊಂದು ಪರೀಕ್ಷೆ ಆಗಬೇಕಮ್ಮ" ಎಂಬ ಉತ್ತರ ಬರುತ್ತದೆ. ಅಷ್ಟೆ ಮಾತು. ಆ ಹೆಣ್ಣಿನ ಪಾಲಿಗೆ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ಮರಳುವ ದಾರಿಯಲ್ಲಿ ಅತ್ತೆ ಸೊಸೆಯರಿಬ್ಬರೂ ಮಾತನಾಡುವುದಿಲ್ಲ.

ಇಂತಹ ಗಳಿಗೆಯಲ್ಲಿ ಮನೆಯವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ತೆರೆಯ ಮೇಲೆ ಕಂಡ ನೆರಳು ವಿಚಾರಣೆಯ ಆರಂಭವೇ ಹೊರತು ಅಂತಿಮ ತೀರ್ಪಲ್ಲ.

ಯಂತ್ರ ಕಾಣುವುದೇನು?

ಈ ಯಂತ್ರದ ಹುಟ್ಟು ಸ್ವಾರಸ್ಯಕರವಾದುದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಅವರು 1955ರಲ್ಲಿ, ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಉಪಕರಣದಿಂದ ಪ್ರಯೋಗಕ್ಕೆ ತೊಡಗಿದರು. 1958ರಲ್ಲಿ ಅವರೂ ಸಂಗಡಿಗರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕಿವಿಗೆ ಕೇಳಿಸದ ಶಬ್ದದ ಅಲೆಗಳು ಒಡಲೊಳಗೆ ಹೋಗಿ, ತಾಗಿ, ಪ್ರತಿಧ್ವನಿಯಾಗಿ ಮರಳುತ್ತವೆ; ಆ ಪ್ರತಿಧ್ವನಿಯೇ ಚಿತ್ರವಾಗುತ್ತದೆ. ಕೂಸು ಮಲಗಿರುವ ಭಂಗಿ, ಗರ್ಭಜಲದ ಪ್ರಮಾಣ, ತಾಯಿಯ ಮೈಕಟ್ಟು, ನೋಡುವವರ ಅನುಭವ ಇವೆಲ್ಲವನ್ನೂ ಆ ಚಿತ್ರ ಅವಲಂಬಿಸಿದೆ. ಕೂಸಿನ ತೂಕದ ಅಂದಾಜಿನಲ್ಲಿ ಶೇಕಡ 10ರಿಂದ 15ರಷ್ಟು ವ್ಯತ್ಯಾಸವಾಗುವುದು ಸಾಮಾನ್ಯ. ಮುಟ್ಟಿನ ದಿನಾಂಕ ತಪ್ಪಾಗಿ ನೆನಪಿದ್ದರೆ, ಆರೋಗ್ಯವಾದ ಕೂಸೂ "ಬೆಳವಣಿಗೆ ಸಾಲದು" ಎನಿಸಿಕೊಳ್ಳಬಹುದು.

ಎಲ್ಲ ನೆರಳೂ ಒಂದೇ ಅಲ್ಲ

ಸ್ಕ್ಯಾನಿಂಗಿನಲ್ಲಿ ಕಾಣುವ ಸಂಗತಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವು ಬರಿಯ ಸೂಚನೆಗಳು. ಹೃದಯದಲ್ಲೊಂದು ಬಿಳಿಯ ಚುಕ್ಕೆ, ಮೆದುಳಿನೊಳಗೆ ಸಣ್ಣದೊಂದು ನೀರ್ಗುಳ್ಳೆ ಇವು ಆರೋಗ್ಯವಂತ ಶಿಶುಗಳಲ್ಲಿಯೂ ಕಾಣುತ್ತವೆ. ಚುಕ್ಕೆಯಿಂದ ಹೃದಯದ ಕೆಲಸಕ್ಕೆ ಅಡ್ಡಿಯಿಲ್ಲ; ಗುಳ್ಳೆ ಬಹುಮಟ್ಟಿಗೆ 28ನೆಯ ವಾರದೊಳಗೆ ತಾನಾಗಿಯೇ ಕರಗುತ್ತದೆ. ಬೇರೆ ದೋಷಗಳೂ ಜೊತೆಗಿವೆಯೇ ಎಂದು ನೋಡುವುದಷ್ಟೇ ಇಲ್ಲಿ ಮುಖ್ಯ. ಐದನೆಯ ತಿಂಗಳಲ್ಲಿ "ಮಾಸು ಕೆಳಗಿದೆ" ಎಂದು ಕೇಳಿ ಗಾಬರಿಯಾಗುವವರೂ ಬಹಳ. ಗರ್ಭಕೋಶ ಬೆಳೆದಂತೆಲ್ಲ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಹೆರಿಗೆಯ ಹೊತ್ತಿಗೆ ಅದು ಮೇಲಕ್ಕೆ ಸರಿದಿರುತ್ತದೆ. ಆದರೂ ವೈದ್ಯರು ಹೇಳಿದ ದಿನ ಮರುಪರೀಕ್ಷೆ ಮಾಡಿಸಲೇಬೇಕು. ನಡುವೆ ರಕ್ತಸ್ರಾವವಾದರೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಎರಡನೆಯವು ಚಿಕಿತ್ಸೆಗೆ ಒಗ್ಗುವ ದೋಷಗಳು. ಸೀಳುತುಟಿಯನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ತಿರುಚಿದ ಪಾದವನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಪಟ್ಟು ಹಾಕುತ್ತ ನೇರ್ಪಡಿಸಬಹುದು. ಹೃದಯದ ಅನೇಕ ದೋಷಗಳಿಗೂ ಇಂದು ಪರಿಹಾರವಿದೆ. ಇಲ್ಲಿ ಮುಂಚಿತವಾಗಿ ತಿಳಿದದ್ದೇ ಲಾಭ. ಹೆರಿಗೆ ಎಲ್ಲಿ ಆಗಬೇಕೆಂದು ಮೊದಲೇ ನಿಶ್ಚಯಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸೀಳುತುಟಿ, ತಿರುಚುಪಾದ, ಹುಟ್ಟು ಹೃದ್ರೋಗ ಮೊದಲಾದವುಗಳ ಪತ್ತೆ ಹಾಗೂ ಉಚಿತ ಚಿಕಿತ್ಸೆಗೆಂದೇ ಇದೆ.

ಮೂರನೆಯವು ನಿಜಕ್ಕೂ ಭಾರವಾದವು. ತಲೆಬುರುಡೆಯ ಮೇಲ್ಭಾಗವೇ ಬೆಳೆಯದಿರುವುದು ಇದಕ್ಕೆ ಉದಾಹರಣೆ. ಅಂತಹ ಶಿಶು ಬದುಕುಳಿಯುವುದಿಲ್ಲ. ಇಲ್ಲಿ ಪೊಳ್ಳು ಸಮಾಧಾನ ಯಾರಿಗೂ ಹಿತವಲ್ಲ. ತಿಳಿಯಾಗಿ, ಮೆಲ್ಲನೆ, ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೇಳಿದ ಸತ್ಯವೇ ಮೇಲು.

"200ರಲ್ಲಿ 1" ಎಂಬ ಅಂಕಿಯೂ ಅನೇಕರ ನಿದ್ದೆಗೆಡಿಸುತ್ತದೆ. 11ರಿಂದ 14ನೆಯ ವಾರದೊಳಗೆ ಕೂಸಿನ ಕತ್ತಿನ ಹಿಂಬದಿಯ ದ್ರವವನ್ನು ಅಳೆದು, ತಾಯಿಯ ರಕ್ತಪರೀಕ್ಷೆಯೊಡನೆ ಕೂಡಿಸಿ ಈ ಲೆಕ್ಕ ಹಾಕುತ್ತಾರೆ. ಇಂತಹುದೇ ಫಲಿತಾಂಶ ಬಂದ 200 ತಾಯಂದಿರಲ್ಲಿ 199 ಮಂದಿಯ ಕೂಸಿಗೆ ಆ ದೋಷವಿರುವುದಿಲ್ಲ ಎಂಬುದೇ ಅದರ ಅರ್ಥ. ಖಚಿತವಾಗಿ ತಿಳಿಯಬೇಕಾದರೆ 15ನೆಯ ವಾರದ ನಂತರ ಗರ್ಭಜಲವನ್ನು ತೆಗೆದು ಪರೀಕ್ಷಿಸುವ ಕ್ರಮವಿದೆ. ಅದರಿಂದ ಗರ್ಭಪಾತವಾಗುವ ಅಪಾಯ ಅಲ್ಪವಾದರೂ ಇಲ್ಲವೆನ್ನುವಂತಿಲ್ಲ. ಆದುದರಿಂದ ವೈದ್ಯರೊಡನೆ ಸಮಾಲೋಚಿಸಿಯೇ ನಿರ್ಧರಿಸಬೇಕು.

ವಾರಗಳ ಲೆಕ್ಕ

ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗಿಗೆ 18ರಿಂದ 20ನೆಯ ವಾರ ಸೂಕ್ತ ಕಾಲ. ಮಾನ್ವಿಯಲ್ಲಿ ಭತ್ತದ ಕೊಯ್ಲು ಬಂತೆಂದೋ, ದೇವದುರ್ಗದಲ್ಲಿ ಹತ್ತಿ ಬಿಡಿಸಬೇಕೆಂದೋ ಅದನ್ನು ಮುಂದೂಡಿದರೆ ನಷ್ಟ ದೊಡ್ಡದು. ತಾಲ್ಲೂಕಿನಲ್ಲಿ ಸಂಶಯ ಕಂಡ ಮೇಲೆ ರಾಯಚೂರಿನ ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು, ಅಗತ್ಯವಾದರೆ ಮತ್ತೂ ದೂರದ ತಜ್ಞರನ್ನು ಕಾಣಲು ದಿನಗಳು ಬೇಕು.

ಕಾಯಿದೆಗೂ ವಾರಗಳ ಲೆಕ್ಕವಿದೆ. 1971ರ ಕಾಯಿದೆಯು ಗರ್ಭಸಮಾಪ್ತಿಗೆ 20 ವಾರಗಳ ಮಿತಿ ಹಾಕಿತ್ತು. 2008ರಲ್ಲಿ, ಕೂಸಿನ ಹೃದಯದ ತೀವ್ರ ದೋಷ ಮಿತಿ ಮೀರಿದ ಮೇಲೆ ತಿಳಿದುಬಂದು, ಮುಂಬಯಿಯ ದಂಪತಿಗಳು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಅನುಮತಿ ದೊರೆಯಲಿಲ್ಲ, ಕೆಲದಿನಗಳಲ್ಲಿಯೇ ಗರ್ಭಪಾತವಾಯಿತು. ದೇಶವೇ ಆ ವಿಷಯವನ್ನು ಚರ್ಚಿಸಿತು. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, ನಿಗದಿತ ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಕೂಸಿನಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಲಿ ನಿರ್ಣಯಿಸಿದರೆ 24 ವಾರಗಳ ಮಿತಿ ಅನ್ವಯಿಸುವುದಿಲ್ಲ. ವಯಸ್ಕಳಾದ ಸ್ತ್ರೀಗೆ ತನ್ನ ಒಪ್ಪಿಗೆಯೊಂದೇ ಸಾಕು. ಗರ್ಭವನ್ನು ಮುಂದುವರಿಸುವ ತಾಯಿಯ ನಿರ್ಧಾರವೂ ಅಷ್ಟೇ ಗೌರವಕ್ಕೆ ಅರ್ಹವಾದುದು.

ತಪ್ಪು ಯಾರದು?

ಮನೆಗೆ ಬಂದೊಡನೆ ಆರಂಭವಾಗುವುದು ತಪ್ಪು ಹುಡುಕುವ ಕೆಲಸ. "ಗ್ರಹಣದ ದಿನ ಹೊರಗೆ ಹೋಗಿದ್ದಳು," "ಭಾರ ಎತ್ತಿದಳು," "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ." ಗ್ರಹಣಕ್ಕೂ ಸೀಳುತುಟಿಗೂ ಯಾವ ಸಂಬಂಧವೂ ಇಲ್ಲ. ಮೆದುಳು, ಬೆನ್ನುಹುರಿಗಳ ಮೂಲನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನಗಳೊಳಗೆ. ತಾನು ಬಸುರಿ ಎಂಬುದೇ ಅನೇಕರಿಗೆ ಆಗ ತಿಳಿದಿರುವುದಿಲ್ಲ! ಸೋದರಮಾವನೊಡನೆ, ಅತ್ತೆ ಮಾವಂದಿರ ಮಕ್ಕಳೊಡನೆ ಮದುವೆಯಾಗುವ ಪದ್ಧತಿ ಈ ಸೀಮೆಯಲ್ಲಿದೆ. ಅದರಿಂದ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುವುದು ನಿಜ. ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಆದರೆ ಹಿರಿಯರೇ ಕೂಡಿ ಮಾಡಿದ ಮದುವೆಯ ಫಲವನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ?

ಮುಂದಿನ ಸಲಕ್ಕೆ ಮಾಡಬಹುದಾದ ಕೆಲಸ ಬೇರೆ ಇದೆ. ಬೆನ್ನುಹುರಿಯ ದೋಷವಿದ್ದ ಕೂಸನ್ನು ಹಿಂದೆ ಹೊತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮರುಕಳಿಸುವುದು ಶೇಕಡ 72ರಷ್ಟು ಕಡಮೆಯಾಗುವುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಯೋಗ 1991ರಲ್ಲಿ ತೋರಿಸಿತು. ಅಂತಹವರಿಗೆ ಬೇಕಾದ ಪ್ರಮಾಣ ಸಾಮಾನ್ಯಕ್ಕಿಂತ ಬಹಳ ಹೆಚ್ಚು. ಅದನ್ನು ವೈದ್ಯರೇ ಗೊತ್ತುಪಡಿಸಬೇಕು.

ಕೇಳಬೇಕಾದ ನಾಲ್ಕು ಮಾತು

ಮರುಪರೀಕ್ಷೆಗೆ ಹೋಗುವಾಗ ಗಂಡ ಜೊತೆಗಿರಲಿ. ಕಂಡದ್ದು ಏನು? ಅದು ಎಷ್ಟು ಖಚಿತ? ಮುಂದಿನ ಪರೀಕ್ಷೆ ಯಾವ ದಿನದೊಳಗೆ ಆಗಬೇಕು? ಹುಟ್ಟಿದ ಮೇಲೆ ಚಿಕಿತ್ಸೆ ಎಲ್ಲಿ ದೊರೆಯುತ್ತದೆ? ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರಗಳನ್ನೂ ಬರೆದುಕೊಂಡು ಬರುವುದು ಒಳ್ಳೆಯದು. ದುಃಖದಲ್ಲಿ ಕಿವಿ ಕೇಳಿದ್ದನ್ನು ಮನಸ್ಸು ಹಿಡಿದಿಟ್ಟುಕೊಳ್ಳುವುದಿಲ್ಲ. ಹೆಣ್ಣೋ ಗಂಡೋ ಎಂಬ ಪ್ರಶ್ನೆ ಮಾತ್ರ ಬೇಡ; 1994ರ ಕಾಯಿದೆ ಅದನ್ನು ನಿಷೇಧಿಸಿದೆ.

ಇನ್ನು ಉಳಿಯುವುದು ಎರಡು ಪರೀಕ್ಷೆಗಳ ನಡುವಣ ದಿನಗಳು. ಔಷಧಿಯಿಲ್ಲದ ಆ ದಿನಗಳಲ್ಲಿ ಮನೆಯವರ ನಡೆನುಡಿಯೇ ಔಷಧಿ. ದೇವದುರ್ಗದ ಆ ಬಸ್ಸು ಊರು ಸಮೀಪಿಸಿದಾಗ ಅತ್ತೆ ಸೊಸೆಯ ಕೈ ಹಿಡಿದು, "ನಿಂದೇನೂ ತಪ್ಪಿಲ್ಲವ್ವಾ. ಮುಂದಿನ ಸಲ ಎಲ್ಲಾರೂ ಕೂಡೇ ಹೋಗೋಣ" ಎಂದರೆ ಸಾಕು. ಕೂಸಿನ ಗತಿ ಏನೇ ಆಗಲಿ, ಆ ತಾಯಿ ಒಂಟಿಯಾಗಿ ಉಳಿಯುವುದಿಲ್ಲ.